ಅಣ್ಣನ ಬಾಯಾದವಳು

ಕೋಟಿನ ಗುಂಡಿ ತೂರುವ ಸಣ್ಣ ಸೀಳಿಗೆ ದಾರದ ಅಂಚು ಕಟ್ಟುವುದು ಅವಳ ಕೆಲಸ. ಮಿಷನ್ನು ಬಂದ ಮೇಲೆ ಹೀಗೆ ಕೈಯಲ್ಲೇ ಹಾಕಿದ ಕಾಜ ಕೇಳುವವರು ಕಡಿಮೆಯಾಗಿದ್ದರೂ ಒಳ್ಳೆಯ ಕೋಟು ಹೊಲಿಸುವವರು ಇನ್ನೂ ಅದನ್ನೇ ಕೇಳುತ್ತಿದ್ದರು. ಹಾಗಾಗಿ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಅವಳದೊಂದು ತಗ್ಗು ಸ್ಟೂಲು ಉಳಿದುಕೊಂಡಿತ್ತು. ಅಂಗಡಿಯವರೂ ಬೀದಿಯವರೂ ಅವಳನ್ನು ಕಾಜದಕ್ಕ ಎನ್ನುತ್ತಿದ್ದರು. ತಲೆಯಲ್ಲಿ ಬಿಳಿಗೂದಲು ಬಂದಿದ್ದರೂ ಮದುವೆಯಾಗದವಳನ್ನು ಅಮ್ಮ ಎನ್ನಲು ಜನಕ್ಕೆ ಬಾಯಿ ಬಾರದು; ಅಕ್ಕ ಎಂದರೆ ಯಾರ ಗಂಟೂ ಹೋಗುವುದಿಲ್ಲ.

ಅವಳು ಹುಟ್ಟಾ ಅಂಜುಬುರುಕಿ, ಹಗ್ಗ ಕಂಡರೂ ಹಾವೆನ್ನುವವಳು. ಕೆಲಸವೂ ಅದಕ್ಕೆ ತಕ್ಕಂತೆಯೇ ಸಿಕ್ಕಿತ್ತು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಿಚ್ಚಲು ಬರುವುದಿಲ್ಲ. ಮೈ, ತೋಳು, ಕಾಲರು ಎಲ್ಲ ಮುಗಿದು ಕೋಟು ಕಟ್ಟಕಡೆಗೆ ಬರುತ್ತಿದ್ದುದು ಅವಳ ಮಡಿಲಿಗೆ. ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿಯ ತುದಿ ಇಡುವಾಗ ಪ್ರತಿ ಸಲವೂ ಅವಳ ಉಸಿರು ನಿಲ್ಲುತ್ತಿತ್ತು.

“ಇಷ್ಟು ವರ್ಷ ಕತ್ತರಿಸಿದ್ದೀರಿ, ಇನ್ನೂ ಕೋಳಿ ಕುಯ್ಯೋರ ಥರ ಕಣ್ಣು ಮುಚ್ತೀರಲ್ಲಕ್ಕಾ,” ಎಂದು ಟೈಲರ್ ಮಾಸ್ತರು ನಗುತ್ತಿದ್ದರು.

ಮನೆಯಲ್ಲಿ ಅವಳು ಮತ್ತು ಅವಳಣ್ಣ, ಇಬ್ಬರೇ. ಅಣ್ಣ ಹುಟ್ಟುಕಿವುಡ, ಹಾಗಾಗಿ ಮಾತೂ ಇಲ್ಲ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು ಏಣಿ ಹತ್ತುವುದು ಅವನ ಕೆಲಸ. ಹುಬ್ಬು, ರೆಪ್ಪೆ, ಕಿವಿಯ ಸುರುಳಿಗಳೊಳಗೆಲ್ಲ ಹಿಟ್ಟು ಕೂರಿಸಿಕೊಂಡು ಸಂಜೆ ಬೂದುಗುಂಬಳದಂತೆ ಮನೆಗೆ ಬರುತ್ತಿದ್ದವನಿಗೆ ಗಿರಣಿಯವರು ಬಿಳಿಯಣ್ಣ ಎಂದು ಹೆಸರಿಟ್ಟಿದ್ದರು. ಗಿರಣಿ ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಕೆಲಸ ಸಾಗಿಸಬೇಕು. ಊರಿಗೆಲ್ಲ ಮೂಗನಾದವನು ಆ ಸದ್ದಿನೊಳಗೆ ಮಾತ್ರ ಮಹಾ ಮಾತುಗಾರ. ಮಾಲೀಕ ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುವುದನ್ನು ಅವನು ಅಣಕಿಸಿದರೆ, ನಗು ತಡೆಯಲಾರದೆ ಜೊತೆಯವರ ಬೆನ್ನ ಮೇಲಿನ ಮೂಟೆ ಜಾರುತ್ತಿತ್ತಂತೆ.

ಅವನ ಕೈಮಾತನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಅಮ್ಮ, ಅವನು, ತಂಗಿ ಮೂವರೂ ಸೇರಿ ವರ್ಷಗಟ್ಟಲೆ ಕಟ್ಟಿಕೊಂಡದ್ದು. ಕೆನ್ನೆಯ ಮೇಲೆ ಬೆರಳಿಟ್ಟರೆ ಅಮ್ಮ. ಅಮ್ಮನಿಗೆ ಅಲ್ಲೊಂದು ಮಚ್ಚೆಯಿತ್ತು. ಗಾಳಿಯಲ್ಲಿ ಸೂಜಿ ಎಳೆದರೆ ತಂಗಿ. ಅಮ್ಮ ಅವನನ್ನು ಕರೆಯಬೇಕಾದರೆ ಹೆಗಲ ಟವೆಲ್ಲಿನ ತುದಿ ಹಿಡಿದು ಬೀಸುತ್ತಿದ್ದಳು. ಕಣ್ಣಂಚಿನಲ್ಲಿ ಬಟ್ಟೆ ಅಲ್ಲಾಡಿದರೆ ಸಾಕು, ಅವನು ತಿರುಗುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಆ ಭಾಷೆ ಬಲ್ಲವರು ಲೋಕದಲ್ಲಿ ಇಬ್ಬರೇ ಉಳಿದರು.

ಅಮ್ಮನ ಸಾವಿನ ಬಗ್ಗೆ ನೆಂಟರ ಬಾಯಲ್ಲಿ ಒಂದು ಸಿದ್ಧ ಕಥೆಯಿತ್ತು. ಅಮ್ಮ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ಮಗಳು ಹೊಲಿದ ಕೋಟು ಕೊಟ್ಟು ಬರಲು ಪೇಟೆಗೆ ಹೋದಳು. ಅಷ್ಟರಲ್ಲಿ ಅಮ್ಮನಿಗೆ ಉಸಿರು ಕಟ್ಟಿತು. ಅದೇ ಕೋಣೆಯ ಇನ್ನೊಂದು ಮಂಚದಲ್ಲಿ ಮಗ ಇದ್ದ. ಪಾಪ, ಅವನಿಗೆ ಹೇಗೆ ಕೇಳಿಸಬೇಕು? ಕಥೆ ಅಷ್ಟೇ. ಅದಕ್ಕೆ ಸೋದರತ್ತೆ ಪ್ರತಿ ಸಲವೂ ಸೇರಿಸುತ್ತಿದ್ದ ಬಾಲವೊಂದಿತ್ತು: “ಕಿವುಡನ ಕೈಲಿ ಹೆತ್ತವಳನ್ನ ಬಿಟ್ಟು ಪೇಟೆ ಸುತ್ತೋಕೆ ಹೋಗಿದ್ಲಲ್ಲ, ಅವಳಿಗೆ ಬುದ್ಧಿ ಬೇಡ್ವಾ?”

ಕಾಜದಕ್ಕ ಅದಕ್ಕೆ ಎಂದೂ ಎದುರಾಡಿದವಳಲ್ಲ. ಕೋಟು ಕೊಟ್ಟ ಮೇಲೆ ಅವಳು ನೆಟ್ಟಗೆ ಮನೆಗೆ ಬಂದಿರಲಿಲ್ಲ. ರೋಗಿಯ ಕೋಣೆಯ ವಾಸನೆಯಿಂದ ಸ್ವಲ್ಪ ಹೊತ್ತು ದೂರವಿರಬೇಕೆನಿಸಿ, ಕೊಳ್ಳುವ ಯೋಚನೆಯಿಲ್ಲದೆಯೇ ಪಾತ್ರೆ ಅಂಗಡಿಯೊಂದರ ಗಾಜಿನ ಮುಂದೆ ನಿಂತಿದ್ದಳು. ಅದು ಅವಳಿಗೆ ಗೊತ್ತಿತ್ತು. ದೇವರಿಗೂ ಗೊತ್ತಿತ್ತು. ಆದ್ದರಿಂದ ಅತ್ತೆ ಬೈದಾಗ ಅವಳು ತಲೆ ತಗ್ಗಿಸುತ್ತಿದ್ದಳು. ಅಣ್ಣ ಮಾತ್ರ ಆಗ ಎದ್ದು ಹಿತ್ತಲಿಗೆ ಹೋಗಿ, ಶುಭ್ರವಾಗಿಯೇ ಇರುವ ಬಕೀಟನ್ನು ಮತ್ತೆ ಉಜ್ಜುತ್ತಿದ್ದ.

ಈಗ ಅಣ್ಣನ ಹೊಟ್ಟೆಯಲ್ಲೊಂದು ಗಂಟು ಬೆಳೆದಿತ್ತು. ಕತ್ತರಿಸಿ ತೆಗೆಯಬೇಕು ಎಂದರು ಡಾಕ್ಟರು. ತೆಗೆದರೆ ಉಳಿಯುತ್ತಾನಾ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ಒರೆಸಿ, “ನೋಡೋಣಮ್ಮ,” ಎಂದರು. ಅಂಜುಬುರುಕಿಗೆ ಅಷ್ಟೇ ಸಾಕಿತ್ತು.

ಆಪರೇಷನ್ನಿಗೆ ಮೊದಲು ಚರ್ಚಿನ ಗುರುಗಳ ಮುಂದೆ ಪಾಪನಿವೇದನೆ ಮಾಡಬೇಕು ಎಂದು ಅಣ್ಣನೇ ಸನ್ನೆ ಮಾಡಿದ. ಹಿಂದಿದ್ದ ಮುದಿ ಗುರುಗಳ ಕಾಲದಲ್ಲಿ ಅದು ಸುಲಭವಿತ್ತು. ಅವನು ಮೊಣಕಾಲೂರಿ ಎದೆ ಬಡಿದುಕೊಳ್ಳುತ್ತಿದ್ದ, ಅವರು ತಲೆಯ ಮೇಲೆ ಕೈಯಿಟ್ಟು ಮಂತ್ರ ಹೇಳಿ ಕಳಿಸುತ್ತಿದ್ದರು. ಆದರೆ ಹೊಸದಾಗಿ ಬಂದಿದ್ದ ಸಣ್ಣ ವಯಸ್ಸಿನ ಗುರುಗಳು, ಅಣ್ಣನ ಕೈಗಳು ಇನ್ನೇನನ್ನೋ ಹೇಳಲು ಒದ್ದಾಡುವುದನ್ನು ಕಂಡರು. ಕಾಜದಕ್ಕನನ್ನು ಕರೆಸಿದರು.

“ಸನ್ನೆಯಲ್ಲಿ ಮಾಡಿದರೂ ಸಾಕು, ತಪ್ಪೇನಿಲ್ಲ. ಆದರೆ ಅವರಿಗೆ ಹೇಳಬೇಕು ಅಂತ ಇದೆ. ನೀವು ಅವರ ಬಾಯಾಗಿ ನಿಂತ್ಕೊಳ್ತೀರಾ? ಅವರು ಒಪ್ಪಿದರೆ ಮಾತ್ರ.”

ಅವಳು ಅದನ್ನು ಸನ್ನೆಯಲ್ಲಿ ತಿಳಿಸಿದ ಕೂಡಲೇ ಅಣ್ಣ ಜೋರಾಗಿ ತಲೆಯಾಡಿಸಿದ.

“ಆದರೆ ಒಂದು ಮಾತು,” ಎಂದರು ಗುರುಗಳು. “ಇಲ್ಲಿ ಕೇಳಿದ್ದು ಇಲ್ಲೇ ಸಾಯಬೇಕು. ನನಗೆ ಹೇಗೋ ನಿಮಗೂ ಹಾಗೇ. ಯಾರ ಹತ್ತಿರವೂ, ಯಾವತ್ತೂ, ಬಾಯಿ ಬಿಡೋ ಹಾಗಿಲ್ಲ.”

ಗುಡಿಯ ಪಕ್ಕದ ಸಣ್ಣ ಕೋಣೆ. ಗುರುಗಳ ಉಡುಪು ತೂಗುಹಾಕಿದ ಬೀರು, ಮೇಣದ ವಾಸನೆ, ಒಂದು ಮರದ ಕುರ್ಚಿ. ಅಣ್ಣ ಮೊಣಕಾಲೂರಿದ, ಅವಳು ಪಕ್ಕದಲ್ಲಿ ನಿಂತಳು. ಮೊದಮೊದಲು ಎಲ್ಲ ಸಣ್ಣಪುಟ್ಟವೇ. ಮಾಲೀಕನನ್ನು ಅಣಕಿಸಿದ್ದು. ಯಾರದೋ ಬೀಡಿ ಕದ್ದು ಸೇದಿದ್ದು. ಅವಳಿಗೆ ನಗುವೇ ಬಂತು. ಆಮೇಲೆ ಅವನ ಬೆರಳು ಕೆನ್ನೆಗೆ ಹೋಯಿತು.

ಅಮ್ಮ.

ಟವೆಲ್ಲು ಬೀಸಿದಳು.

ಎರಡು ಬೆರಳು ಕಣ್ಣಿಗೆ ತಾಗಿಸಿದ. ನೋಡಿದೆ.

ಅಂಗೈ ನಿಧಾನವಾಗಿ ಮಗುಚಿದ. ಗೋಡೆಯ ಕಡೆ ತಿರುಗಿ ಮಲಗಿದೆ.

ಅವಳ ಕಿವಿಯೊಳಗೆ ಗಿರಣಿಯೊಂದು ಓಡತೊಡಗಿತು. ಗುರುಗಳು ಕಾಯುತ್ತಿದ್ದರು. ಅವಳ ಬಾಯಿ ತಾನಾಗಿಯೇ ತೆರೆದು, ಇಷ್ಟು ವರ್ಷ ಕಂಡವರಿಗೆಲ್ಲ ಹೇಳಿ ಸವೆದ ಮಾತನ್ನೇ ಹೇಳಿಬಿಟ್ಟಿತು:

“ಅಮ್ಮ ಸಾಯೋವಾಗ ಕರೆದಿದ್ದು ಅವನಿಗೆ ಕೇಳಿಸಲಿಲ್ಲವಂತೆ ಫಾದರ್.”

“ಅಯ್ಯೋ, ಅದು ಪಾಪ ಹೇಗಾಗುತ್ತೆ? ಅದನ್ನ ಹೊತ್ಕೊಂಡು ತಿರುಗಬೇಡ ಅಂತ ಹೇಳಿ ಅವರಿಗೆ.”

ಅವಳ ಕೈ ಏನನ್ನು ಹೇಳಿತೋ ಅವಳಿಗೇ ನೆನಪಿಲ್ಲ. ಗುರುಗಳು ಕೈಯೆತ್ತಿ ಕ್ಷಮೆಯ ಮಂತ್ರ ಹೇಳಿದರು. ಹೊರಗೆ ಬಂದ ಮೇಲೆ ಅಣ್ಣ ಅವಳ ತೋಳು ಹಿಡಿದು ನಿಲ್ಲಿಸಿದ. ಎಲ್ಲ ಹೇಳಿದೆಯಾ ಎಂದು ಕೇಳಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನ ಮುಖ ಬೆಳಗಿದ್ದನ್ನು ನೋಡಲಾರದೆ ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದಳು.

ಅಂದಿನಿಂದ ಭಯ ಅವಳ ಮನೆಯಲ್ಲಿ ಮೂರನೆಯವರಂತೆ ವಾಸಕ್ಕೆ ಬಂತು. ಅವಳು ಅನ್ನ ಬಡಿಸಿದರೆ ಅದೂ ತಟ್ಟೆ ಮುಂದೆ ಕೂರುತ್ತಿತ್ತು. ಚಿಕ್ಕವಳಿದ್ದಾಗ ಧರ್ಮೋಪದೇಶದ ಟೀಚರು ಕಣ್ಣರಳಿಸಿ ಹೇಳಿದ್ದ ಮಾತು ಈಗ ಎದ್ದು ಬಂದಿತ್ತು: ಒಂದೇ ಒಂದು ಪಾಪ ಮುಚ್ಚಿಟ್ಟರೂ ಉಳಿದದ್ದೆಲ್ಲ ಹೇಳಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಣ್ಣ ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟವಳು ಅವಳು. ಅವನು ಆಪರೇಷನ್ನಿನ ಮೇಜಿನ ಮೇಲೆ ಕಣ್ಣು ಮುಚ್ಚಿಬಿಟ್ಟರೆ? ಕ್ಷಮೆ ಸಿಕ್ಕಿತೆಂದು ನಂಬಿ ಹೋದವನು ಸ್ವರ್ಗದ ಬಾಗಿಲಲ್ಲಿ ತಡೆದು ನಿಲ್ಲಿಸಲ್ಪಟ್ಟರೆ? ಅಲ್ಲಿ ಅವನ ಪರವಾಗಿ ಮಾತಾಡುವವರು ಯಾರು? ಯಾಕೆ ತಡೆದರೆಂದು ಕೇಳಲು ಅವನಿಗೆ ಬಾಯಿಯೂ ಇಲ್ಲ.

ಇನ್ನೊಂದು ಯೋಚನೆ ಇದಕ್ಕಿಂತ ಮೆಲ್ಲಗೆ, ಹಿಂದಿನ ಬಾಗಿಲಿನಿಂದ ಬರುತ್ತಿತ್ತು. ಅಮ್ಮ ಅವನನ್ನು ಯಾವತ್ತೂ ಕೂಗಿ ಕರೆದವಳೇ ಅಲ್ಲವಲ್ಲ. ಕರೆದಿದ್ದರೆ ಟವೆಲ್ಲು ಬೀಸಿಯೇ ಕರೆದಿರಬೇಕು. “ಪಾಪ, ಕೇಳಿಸಲಿಲ್ಲ” ಎಂದು ನೆಂಟರು ಅನ್ನುವಾಗ ಇದು ನೆಂಟರಿಗೆ ಹೊಳೆಯದಿದ್ದರೆ ಸರಿ, ಅದೇ ಮನೆಯಲ್ಲಿ ಬೆಳೆದ ತನಗೆ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತೇ? ಹೊಳೆದೂ ತಾನೂ ಒಂದು ಗೋಡೆಯ ಕಡೆ ತಿರುಗಿದ್ದಳೇ?

ಅಂಗಡಿಯಲ್ಲಿ ಒಂದೇ ಕಾಜಕ್ಕೆ ಮೂರು ಮೂರು ಸಲ ಗೆರೆ ಎಳೆಯುತ್ತಿದ್ದಳು. ಒಂದು ದಿನ ಗೆರೆ ದಾಟಿ ಕತ್ತರಿಸಿಬಿಟ್ಟಳು. ಮಾಸ್ತರು ಕೋಟನ್ನು ಬೆಳಕಿಗೆ ಹಿಡಿದು ಆ ತೂತಿನೊಳಗಿಂದ ಅವಳನ್ನು ನೋಡಿದರು.

“ಇದೇನಕ್ಕಾ, ಗುಂಡಿ ತೂರ್ಸೋಕಾ, ಗಿರಾಕಿ ತಲೆ ತೂರ್ಸೋಕಾ?”

ಎಲ್ಲರೂ ನಕ್ಕರು. ಅವಳು ಅತ್ತಳು. ಅವಳು ಅತ್ತದ್ದನ್ನು ಕಂಡು ಮಾಸ್ತರು ಗಾಬರಿಯಾಗಿ, “ಬಿಡಿ ಬಿಡಿ, ಪಟ್ಟಿ ಹಾಕಿ ಮುಚ್ಚೋಣ, ಒಂದು ಕೋಟಿಗೆ ಯಾರಾದ್ರೂ ಅಳ್ತಾರಾ,” ಎಂದು ತಾವೇ ನೀರು ತಂದುಕೊಟ್ಟರು.

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಅತ್ತೆ ನೋಡಲು ಬಂದರು. ಅಣ್ಣನ ತಲೆ ಸವರಿದರು, ಕಣ್ಣೊರೆಸಿಕೊಂಡರು, ಆಮೇಲೆ ರೂಢಿಯಂತೆ ಕಾಜದಕ್ಕನ ಕಡೆ ತಿರುಗಿದರು.

“ನೋಡೇ, ಅವನನ್ನಾದ್ರೂ ಒಬ್ಬನೇ ಬಿಟ್ಟು ಎಲ್ಲೂ ಹೋಗಬೇಡ. ಅಮ್ಮನ ಕಾಲಕ್ಕೆ ಆಗಿದ್ದು ಸಾಕು. ಈ ಪಾಪಕ್ಕೆ ಅವತ್ತು ಎರಡು ಕಿವಿ ಇದ್ದಿದ್ರೆ ನಮ್ಮ ಅತ್ತಿಗೆ ಹೀಗೆ ಅನಾಥಳ ಹಾಗೆ ಹೋಗ್ತಿದ್ಲಾ?”

ಕಾಜದಕ್ಕನ ನಾಲಗೆಯ ಮೇಲೆ ಮೂರಕ್ಷರದ ಮಾತು ಬಂದು ಕೂತಿತು. ನೋಡಿದ್ದ. ಅಷ್ಟು ಹೇಳಿದರೆ ಸಾಕಿತ್ತು. ಇಷ್ಟು ವರ್ಷದ ಬೈಗುಳವೆಲ್ಲ ತನ್ನ ನಿಜವಾದ ಮನೆ ಹುಡುಕಿಕೊಂಡು ಹೋಗುತ್ತಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಣ್ಣ ಅತ್ತೆಯ ಅಲ್ಲಾಡುವ ಬೆರಳನ್ನು ನೋಡಿದ, ತಂಗಿಯ ತಗ್ಗಿದ ತಲೆಯನ್ನು ನೋಡಿದ, ಹೊಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಎದ್ದು ಹೋದ. ಬಕೀಟು ಉಜ್ಜುವ ಸದ್ದು ಕೇಳಿಸಿತು. ಅವನಿಗೆ ಎಲ್ಲ ಗೊತ್ತಿದೆ ಎಂದು ಅವಳಿಗೆ ಅರಿವಾದದ್ದು ಆಗ. ಯಾರ ಬೈಗುಳ ಯಾರಿಗೆ ಬೀಳುತ್ತಿದೆಯೆಂದು ಇಷ್ಟು ವರ್ಷವೂ ಗೊತ್ತಿತ್ತು.

ಅತ್ತೆ ಹೊರಟ ಬೆನ್ನಿಗೇ ಅವಳು ಗುಡಿಗೆ ಓಡಿದಳು. ಗುರುಗಳು ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು.

“ಫಾದರ್, ಅವತ್ತು ಅಣ್ಣ ಹೇಳಿದ್ದು...”

“ತಡೀರಿ.” ಅವರು ಎಣ್ಣೆಗೈ ಅಡ್ಡ ಹಿಡಿದರು. “ಅವರ ಮಾತು ಹೊರಗಡೆ ನನಗೂ ಹೇಳೋ ಹಾಗಿಲ್ಲ. ನಿಮ್ಮದೇನಾದ್ರೂ ಇದ್ದರೆ ಹೇಳಿ.”

“ನನ್ನದೇ. ನಾನು ಬೇರೆ ಹೇಳಿದೆ. ಅವನು ಹೇಳಿದ್ದು ಒಂದು, ನನ್ನ ಬಾಯಲ್ಲಿ ಬಂದದ್ದು ಇನ್ನೊಂದು. ನೀವು ಕೊಟ್ಟಿದ್ದು ಆ ಸುಳ್ಳಿಗೆ ಕೊಟ್ಟ ಕ್ಷಮೆ. ಅವನ ಗತಿ ಏನು ಫಾದರ್?”

ಗುರುಗಳು ಕೈಯನ್ನು ಹಳೆ ಬಟ್ಟೆಗೆ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. ಅವಳು ನಿಂತೇ ಇದ್ದಳು.

“ಅವರು ಮನಸಾರೆ ಹೇಳಿದರಾ?”

“ಹೂಂ.”

“ಹಾಗಾದರೆ ದೇವರು ನಿಮ್ಮ ತರ್ಜುಮೆಗೆ ಕಾಯ್ತಾ ಕೂತಿರಲಿಲ್ಲಮ್ಮ. ಅವರ ಕೈ ನೋಡ್ತಾ ಇದ್ದ. ಕ್ಷಮೆ ನನ್ನ ಮನೆಯ ಸರಕಾಗಿದ್ದರೆ ನನಗೆ ಕೇಳಿಸಿದಷ್ಟೇ ಕೊಡ್ತಿದ್ದೆ. ಅದು ಆತನದು. ಅವರಿಗೆ ಪೂರ್ತಿ ಸಿಕ್ಕಿದೆ.”

ಇಷ್ಟು ದಿನ ಅವಳು ಬೇಡಿಕೊಂಡದ್ದು ಇದನ್ನೇ. ಕೇಳಿದ ಕೂಡಲೇ ಎದೆಯ ಮೇಲಿನ ಕಲ್ಲು ಉರುಳಬೇಕಿತ್ತು. ಅದರ ಬದಲು ಅವಳೊಳಗೆ ಯಾರೋ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಂತಾಯಿತು.

“ಅಷ್ಟು ಸುಲಭನಾ?”

ಆ ದನಿ ತನ್ನದೇ ಎಂದು ಅವಳು ನಂಬಲಿಲ್ಲ. ನರಕದ ಹೆದರಿಕೆಯೂ ಅವಳನ್ನು ಹೀಗೆ ನಡುಗಿಸಿರಲಿಲ್ಲ. ಅವನು ತಡೆದು ನಿಲ್ಲಿಸಲ್ಪಟ್ಟಾನು ಎಂದು ಇಷ್ಟು ದಿನ ಹೆದರಿದ್ದಳು. ಈಗ ಅವನನ್ನು ಒಳಗೆ ಬಿಟ್ಟುಬಿಟ್ಟರಲ್ಲ, ತನ್ನನ್ನೊಂದು ಮಾತೂ ಕೇಳದೆ, ಎಂದು ಉರಿಯುತ್ತಿತ್ತು. ಹೀಗೆ ಉರಿಯುವವಳು ಎಂಥವಳು?

“ಸುಲಭ ಅಂತ ನಾನು ಹೇಳಲಿಲ್ಲ,” ಎಂದರು ಗುರುಗಳು ಮೆಲ್ಲಗೆ. “ಪುಕ್ಕಟೆ ಅಷ್ಟೇ. ತಗೊಳ್ಳೋರಿಗೆ ಪುಕ್ಕಟೆ. ಕೊಟ್ಟವನಿಗೆ ಪ್ರಾಣ ಹೋಯಿತು.”

ಅವಳು ಸೈಕಲ್ಲಿನ ತಿರುಗುವ ಗಾಲಿಯನ್ನೇ ನೋಡುತ್ತ ನಿಂತಳು. ಆಮೇಲೆ ಅಲ್ಲೇ ಮೊಣಕಾಲೂರಿ, ಸುಳ್ಳು ಹೇಳಿದ್ದನ್ನು ಹೇಳಿದಳು. ಪಾತ್ರೆ ಅಂಗಡಿಯ ಗಾಜಿನ ಮುಂದೆ ನಿಂತಿದ್ದನ್ನು ಹೇಳಿದಳು. ಕೊನೆಗೆ, “ಅವನ್ನ ಕಂಡರೆ ಕೋಪ ಬರುತ್ತೆ ಫಾದರ್. ಸತ್ತುಹೋಗ್ತಾನೇನೋ ಅಂತ ಭಯ, ಸಾಯೋಕೆ ಮುಂಚೆ ಒಂದು ಸಲ ಚೆನ್ನಾಗಿ ಬೈಬೇಕು ಅಂತ ಆಸೆ,” ಎಂದಳು.

ಗುರುಗಳ ಮೀಸೆಯಂಚು ಅಲ್ಲಾಡಿತು. ಮಂತ್ರ ಹೇಳಲು ಕೈಯೆತ್ತಿದರು.

“ಕೋಪ ಇನ್ನೂ ಹೋಗಿಲ್ಲ ಫಾದರ್.”

“ಹೋದ ಮೇಲೆ ಬನ್ನಿ ಅಂತ ನಾನು ಹೇಳಿದೆನಾ? ತಲೆ ಬಗ್ಗಿಸಿ.”

ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು. “ಎಲ್ಲ ಹೇಳಿದೆಯಾ ಅಂತ ಅವರು ನಿಮ್ಮನ್ನ ಕೇಳಿರಬೇಕು. ನೀವು ಏನೋ ಉತ್ತರ ಕೊಟ್ಟಿರಬೇಕು. ಅದು ಮಾತ್ರ ನನ್ನ ಕೈಲಿಲ್ಲಮ್ಮ. ಅದನ್ನ ಅವರಿಗೇ ಹೇಳಬೇಕು. ನಾಳೆ ಬೆಳಿಗ್ಗೆ ರೋಗಿಗಳಿಗೆ ಹಚ್ಚೋ ಅಭ್ಯಂಗದ ಎಣ್ಣೆ ತಗೊಂಡು ನಾನೂ ಬರ್ತೀನಿ.”

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಅಣ್ಣ ಹಸಿರು ಅಂಗಿ ತೊಟ್ಟು ಕೂತಿದ್ದ. ಹಿಟ್ಟಿಲ್ಲದ ಅವನ ಕೈಗಳನ್ನು ಅವಳು ಇಷ್ಟು ಹತ್ತಿರದಿಂದ ಎಷ್ಟೋ ಕಾಲದಿಂದ ನೋಡಿರಲಿಲ್ಲ, ಕಪ್ಪಗೆ, ಮುದಿಯಾಗಿದ್ದವು. ಅವಳು ಮಂಚದ ಅಂಚಿನಲ್ಲಿ ಕೂತು ಸನ್ನೆ ಮಾಡತೊಡಗಿದಳು. ಅಮ್ಮ. ಟವೆಲ್ಲು. ನೀನು ನೋಡಿದೆ. ಗೋಡೆ. ಅದನ್ನು ನಾನು ಹೇಳಲಿಲ್ಲ. ನನ್ನ ಬಾಯಿ ಅಂದದ್ದು: ಕಿವಿ, ಇಲ್ಲ.

ಅಣ್ಣ ಎರಡೂ ಅಂಗೈಗಳಿಂದ ತನ್ನ ಕಿವಿಗಳಿಗೆ ಫಟೀರನೆ ಹೊಡೆದುಕೊಂಡ. ಮತ್ತೆ ಹೊಡೆದುಕೊಂಡ. ಎಲ್ಲರೂ ತನಗೆ ದಾನ ಮಾಡಿದ ಆ ನೆಪವನ್ನು ಕಿತ್ತೆಸೆಯುವವನಂತೆ. ಗಂಟಲಿನಿಂದ ಹೊರಟ ಸದ್ದಿಗೆ ವಾರ್ಡೇ ತಿರುಗಿ ನೋಡಿತು. ನರ್ಸಮ್ಮ ಓಡಿ ಬಂದಳು.

“ಏನಮ್ಮಾ ಇದು? ಆಪರೇಷನ್ ಟೈಮಲ್ಲಿ ಪೇಷೆಂಟ್‌ನ ಅಳಿಸೋಕೆ ಬಂದ್ಯಾ? ಇನ್ನೇನು ಗಾಡಿ ಬರುತ್ತೆ!”

ಅಣ್ಣ ಅವಳ ಕೈ ಹಿಡಿದು ಅಲ್ಲಾಡಿಸಿದ. ಗುರುಗಳನ್ನು ಕರೆ. ಈಗಲೇ. ದೇವರು ನಿನ್ನ ಕೈ ನೋಡಿದ್ದಾನಂತೆ ಎಂದು ಅವಳು ಹೇಳಿ ನೋಡಿದಳು. ಅವನು ಕೇಳಲೊಲ್ಲ. ಒಬ್ಬ ಮನುಷ್ಯನಾದರೂ ಅದನ್ನು ತಿಳಿದು, ತಿಳಿದ ಮೇಲೂ ತನ್ನ ಕಡೆ ನೋಡಬೇಕು ಎಂದು ಅವನ ಬೆರಳುಗಳು ಬೇಡುತ್ತಿದ್ದವು.

ಅವಳು ಹೊರಗೆ ಓಡಿದಳು. ಬಾಗಿಲ ಬಳಿ ಬೆಂಚಿನಲ್ಲಿದ್ದ ಅತ್ತೆ ಏನಾಯಿತೇ ಎಂದರು, ಅವಳು ನಿಲ್ಲಲಿಲ್ಲ. ಓಣಿಯ ಆ ತುದಿಯಿಂದ ಗಾಲಿಗಳ ಕಿರುಗುಟ್ಟುವ ಸದ್ದು ಬರುತ್ತಿತ್ತು. ಥಿಯೇಟರಿನ ಗಾಡಿ. ಈ ತುದಿಯಲ್ಲಿ ಮೆಟ್ಟಿಲು ಖಾಲಿ. ಗುರುಗಳ ಸುಳಿವಿಲ್ಲ. ಗಾಡಿಯವನು ಅವಳನ್ನು ದಾಟಿ ವಾರ್ಡಿನೊಳಗೆ ತಿರುಗಿದ. ಅವಳು ಹಿಂದೆಯೇ ಓಡಿ ಗಾಡಿಯ ಕಂಬಿ ಹಿಡಿದುಕೊಂಡಳು.

“ಒಂದು ನಿಮಿಷ ಕಣಪ್ಪಾ. ನಿನ್ನ ಕಾಲಿಗೆ ಬೀಳ್ತೀನಿ.”

“ಡಾಕ್ಟರು ಕೈ ತೊಳ್ಕೊಂಡು ನಿಂತಿದ್ದಾರಮ್ಮ. ನನ್ನ ಕಾಲಿಗೆ ಬಿದ್ದು ಏನ್ ಮಾಡ್ತೀಯ?”

ಅಷ್ಟರಲ್ಲಿ ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ಪು ಹಾಕಿಕೊಂಡೇ ಗುರುಗಳು ಏದುಸಿರು ಬಿಡುತ್ತ ಒಳಗೆ ಬಂದರು. ನರ್ಸಮ್ಮ ಹಣೆ ಚಚ್ಚಿಕೊಂಡು ಬಟ್ಟೆಯ ಪರದೆ ಎಳೆದಳು. “ಬೇಗ ಬೇಗ ಮುಗಿಸಿ. ದೇವರಿಗೇನು, ಪುರುಸೊತ್ತಾಗಿರ್ತಾನೆ. ಬೈಸ್ಕೊಳ್ಳೋಳು ನಾನು.”

ಪರದೆಯೊಳಗೆ ಮೂವರೇ. ಅಣ್ಣನ ಕೈ ಎದ್ದಿತು. ಕಾಜದಕ್ಕ ಉಸಿರು ಹಿಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ.

“ಅಮ್ಮ ಟವೆಲ್ಲು ಬೀಸಿದಳು,” ಎಂದಳು. “ನಾನು ನೋಡಿದೆ. ಬೆಳಿಗ್ಗೆಯಿಂದ ಬೀಸ್ತಾನೇ ಇದ್ದಳು. ನೀರು ಕೊಡು, ಮಗ್ಗುಲು ತಿರುಗಿಸು, ಕಿಟಕಿ ಹಾಕು. ರಾತ್ರಿಯೆಲ್ಲ ಗಿರಣಿಯಲ್ಲಿ ಮೂಟೆ ಹೊತ್ತು ಬೆನ್ನು ಮುರಿದಿತ್ತು. ನೋಡಿಯೂ ಗೋಡೆ ಕಡೆ ತಿರುಗಿ ಮಲಗಿದೆ.”

ಕೈ ಅಲ್ಲಿಗೆ ನಿಲ್ಲಲಿಲ್ಲ. ಮೊದಲ ಸಲ ಹೇಳದೆ ಉಳಿದಿದ್ದ ಇನ್ನೊಂದು ಚೂರಿತ್ತು. ಅವಳ ದನಿ ಸಣ್ಣದಾಯಿತು.

“ಸ್ವಲ್ಪ ಹೊತ್ತಾದ ಮೇಲೆ ಹೊರಳಿ ನೋಡಿದೆ. ಬೀಸೋದು ನಿಂತಿತ್ತು. ಸದ್ಯ, ನಿಲ್ಲಿಸಿದಳು, ಅಂದ್ಕೊಂಡೆ. ಮತ್ತೆ ನಿದ್ದೆ ಮಾಡಿದೆ.”

ಪರದೆಯ ಆಚೆ ಯಾರೋ ಕೆಮ್ಮಿದರು. ಗುರುಗಳು ಅಣ್ಣನ ಮುಖವನ್ನೇ ನೋಡುತ್ತಿದ್ದರು. ನೋಟ ಕದಲಿಸಲಿಲ್ಲ. ಇದು ಪಾಪವಲ್ಲ ಎಂದು ಈ ಸಲ ಅವರು ಅನ್ನಲಿಲ್ಲ. ಕೈಯೆತ್ತಿ ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ, ಕ್ಷಮೆಯ ಮಂತ್ರ ಹೇಳಿದರು. ಪ್ರಾಯಶ್ಚಿತ್ತಕ್ಕೆ, ಅಮ್ಮನನ್ನು ನೆನೆದು ಒಂದು ಸಲ ಶಿಲುಬೆಯ ಗುರುತು ಹಾಕಿಕೊಳ್ಳಲಿ ಎಂದರು.

ಅಣ್ಣನ ಹುಬ್ಬು ಗಂಟಿಕ್ಕಿತು. ಬೆರಳುಗಳು ಜಗಳಕ್ಕೆ ನಿಂತವು.

“ಏನಂತೆ?”

“ಇಷ್ಟೇನಾ ಅಂತಿದ್ದಾನೆ ಫಾದರ್. ಹೆತ್ತ ತಾಯಿಗೆ ಇಷ್ಟೇನಾ. ನೀವು ಮೋಸ ಮಾಡ್ತಿದ್ದೀರಂತೆ, ಇನ್ನೂ ದೊಡ್ಡದು ಕೊಡಿ ಅಂತಾನೆ.”

“ಉಳಿದದ್ದು ತೀರಿದೆ ಅಂತ ಹೇಳಿ. ಕ್ರಿಸ್ತ ಹೊತ್ತಿದ್ದಾನೆ ಅಂತ ಹೇಳಿ.”

ಇದನ್ನು ಹೇಗೆ ಹೇಳುವುದು? ಅವರ ಕೈಮಾತಿನಲ್ಲಿ ಕ್ಷಮೆಗೆ ಸನ್ನೆಯೇ ಇರಲಿಲ್ಲ. ಅನ್ನಕ್ಕಿತ್ತು, ಮಳೆಗಿತ್ತು, ಮಾಲೀಕನ ಹೊಟ್ಟೆಗೂ ಇತ್ತು. ಗಾಡಿಯವನು ಪರದೆ ಅಲ್ಲಾಡಿಸಿದ. ಕಾಜದಕ್ಕ ಎದ್ದು ನಿಂತಳು. ಬೆನ್ನು ಬಗ್ಗಿಸಿ ದೊಡ್ಡ ಮೂಟೆಯೊಂದನ್ನು ಹೊತ್ತಂತೆ ಮಾಡಿದಳು. ಅಣ್ಣನನ್ನು ತೋರಿಸಿ, ನಿನ್ನದು. ಗಿರಣಿಯ ಏಣಿಯನ್ನು ಗಾಳಿಯಲ್ಲಿ ಬರೆದು ತೋರಿಸಿದಳು. ಆಮೇಲೆ ಇನ್ನೊಬ್ಬನು ಬಂದು ಆ ಮೂಟೆಯನ್ನು ತನ್ನ ಬೆನ್ನಿಗೆ ಎಳೆದುಕೊಂಡು ಮೇಲೆ ಹತ್ತಿಹೋದದ್ದನ್ನು ಮಾಡಿ ತೋರಿಸಿ ಕೈ ಕೊಡವಿದಳು. ಏರಿಸಿಯಾಯಿತು. ಇನ್ನೇನಿಲ್ಲ.

ಅಣ್ಣ ಬಿಟ್ಟ ಕಣ್ಣಿನಿಂದ ನೋಡಿದ. ಯಾರು, ಎಂದು ಕೇಳಿದ.

ಅವಳು ಗುರುಗಳ ಕೊರಳಲ್ಲಿದ್ದ ಶಿಲುಬೆಯನ್ನು ತೋರಿಸಿದಳು.

ಅವನು ಅದನ್ನು ಬಹಳ ಹೊತ್ತು ನೋಡಿದ. ತಲೆಯಾಡಿಸಿದ. ಆದರೆ ಕೈ ಮತ್ತೆ ಎದ್ದು, ಗಾಳಿಯಲ್ಲಿ ಸೂಜಿ ಎಳೆಯಿತು. ತಂಗಿ. ಆಮೇಲೆ ಬೆನ್ನು ಬಗ್ಗಿಸಿ ತೋರಿಸಿದ. ನೀನೂ ಹೊತ್ತೆ. ಇದನ್ನು ಅವನು ಗುರುಗಳಿಗೆ ಹೇಳುತ್ತಿರಲಿಲ್ಲ. ತರ್ಜುಮೆ ಬೇಕಿರಲಿಲ್ಲ.

ಅವಳಿಗೆ ಇಲ್ಲ ಎನ್ನಬೇಕೆನಿಸಿತು. ಆದರೆ ಅವನಿಗೆ ಹೇಳಿದ ಸುಳ್ಳು ಒಂದು ಸಾಕಾಗಿತ್ತು. ಹೌದು, ಎಂದಳು. ಹೊತ್ತೆ. ನಿನ್ನದೂ ನನ್ನದೂ ಕಲೆಸಿಹೋಗಿತ್ತು. ಆದರೆ ಆತನ ಹಾಗಲ್ಲ. ನಾನು ಬೈದುಕೊಂಡು ಹೊತ್ತೆ. ಈಗಲೂ ಬೈಯುತ್ತಿದ್ದೇನೆ. ಬೈಯುವುದನ್ನು ತೋರಿಸಲು ಅವಳು ಅತ್ತೆಯ ಹಾಗೆ ಬೆರಳಲ್ಲಾಡಿಸಿ, ತುಟಿ ಪಟಪಟ ಬಡಿದಳು.

ಅಣ್ಣ ನಕ್ಕುಬಿಟ್ಟ. ತನ್ನ ನಗುವನ್ನು ತಾನೆಂದೂ ಕೇಳದವನ ನಗು. ಅಳತೆಯಿಲ್ಲದೆ, ಕತ್ತೆ ಕಿರುಚಿದ ಹಾಗೆ, ವಾರ್ಡಿನ ತುದಿಯವರೆಗೂ ಹೋಯಿತು. ನಗುತ್ತಲೇ ಅತ್ತ. ಅವಳ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ. ಅವಳ ಕೋಪ ಹೋಗಿರಲಿಲ್ಲ, ಆದರೂ ಕೈ ಎಳೆದುಕೊಳ್ಳಲಿಲ್ಲ.

“ಈಗ ನಗಿಸ್ತಿದ್ದಾಳೆ!” ನರ್ಸಮ್ಮ ಪರದೆ ಸರಿಸಿದಳು. “ನಿಮ್ಮ ಮನೆಯವರಿಗೆ ಸುಮ್ಮನಿರೋಕೇ ಬರಲ್ವಾ?”

ಗುರುಗಳು ಅವನ ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚಿದರು. ಅವನು ಕೆನ್ನೆಯ ಮೇಲೆ ಬೆರಳಿಟ್ಟು ಅಮ್ಮನನ್ನು ನೆನೆದು, ಶಿಲುಬೆಯ ಗುರುತು ಹಾಕಿಕೊಂಡ. ಗಾಡಿ ಹೊರಟಿತು. ಥಿಯೇಟರಿನ ಬಾಗಿಲು ಎರಡು ಸಲ ಹಿಂದೆಮುಂದೆ ಆಡಿ ನಿಂತಿತು.

ಓಣಿಯಲ್ಲಿ ಅತ್ತೆ ಕತ್ತು ಉದ್ದ ಮಾಡಿಕೊಂಡು ಕಾಯುತ್ತಿದ್ದರು.

“ಪರದೆ ಹಿಂದೆ ಅಷ್ಟು ಹೊತ್ತು ಏನೇ ಅವನದು?”

“ಅಮ್ಮನ್ನ ನೆನೆಸಿಕೊಂಡ ಅತ್ತೆ.”

“ನೆನೆಸಿಕೊಳ್ದೆ ಇರ್ತಾನಾ, ಪಾಪ. ಅವತ್ತು ನೀನೊಬ್ಬಳು ಮನೇಲಿದ್ದಿದ್ರೆ...”

ಆ ಮಾತು ಮತ್ತೆ ನಾಲಗೆಯ ತುದಿಗೆ ಬಂದಿತು. ಬಂದೇ ಬರುತ್ತದೆ, ಇನ್ನೆಷ್ಟೋ ವರ್ಷ ಬರುತ್ತದೆ ಎಂದು ಅವಳಿಗೆ ಗೊತ್ತಾಯಿತು. ಹೇಳುವಂತಿಲ್ಲ. ಹೇಳಬೇಕೆಂದೂ ಇವತ್ತು ಅಷ್ಟಾಗಿ ಅನಿಸಲಿಲ್ಲ, ನಾಳೆಯದು ನಾಳೆಗೆ.

“ಹೌದು ಅತ್ತೆ,” ಎಂದಳು. “ಅವತ್ತು ನಾನಿರಲಿಲ್ಲ.”

ಬಾಗಿಲ ಮೇಲಿನ ಕೆಂಪು ದೀಪ ಹತ್ತಿಕೊಂಡಿತು. ಒಳಗೆ ಈಗ ಯಾರೋ ಗೆರೆ ಎಳೆದು, ಅದರ ಮೇಲೆ ಕತ್ತಿಯ ತುದಿ ಇಡುತ್ತಿರಬೇಕು. ಅವನು ಬದುಕುತ್ತಾನೋ ಇಲ್ಲವೋ ಎಂಬ ಭಯ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದು ಆ ಬೆಂಚಿನಲ್ಲಿ ಕಾಯುತ್ತಿದ್ದ ಎಲ್ಲರ ಮುಖದಲ್ಲೂ ಇದ್ದ ಭಯವೇ ಆಗಿತ್ತು. ಅವಳು ಗೋಡೆ ಹಿಡಿದು ನಿಂತಳು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

“ಬಾರೇ, ಕೂತ್ಕೋ. ಬಿದ್ದುಗಿದ್ದೀಯ.”